ಪಂಚಸೂನೆಯ ಮನೆ: ಜೈನ ಗೃಹಸ್ಥಾಚಾರದಲ್ಲಿ ಶುಚಿತ್ವದ ವಿಚಾರ

ಕುಣಿಗಲ್ ಪಟ್ಟಣದ ನೈಋತ್ಯ ದಿಕ್ಕಿಗೆ, ಶಿಂಷಾ ನದಿಯ ಸೀಮೆಯಲ್ಲಿ ಅಮೃತೂರು ಎಂಬ ಹೋಬಳಿ ಕೇಂದ್ರವಿದೆ. ಅಲ್ಲಿಂದ ಉತ್ತರಕ್ಕೆ ಸಾಗಿದರೆ ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತೀಶ್ವರ ಬಸದಿ, ತುಮಕೂರಿನ ಬಳಿಯ ಪಂಡಿತನಹಳ್ಳಿಯಲ್ಲಿ ಬಸ್ತಿಬೆಟ್ಟವೆಂದು ಹೆಸರಾದ ಮಂದಾರಗಿರಿ; ಪಶ್ಚಿಮಕ್ಕೆ ಸಾಗಿದರೆ ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ, ಅದರಾಚೆಗೆ ಶ್ರವಣಬೆಳಗೊಳ. ಹೀಗೆ ಅಮೃತೂರಿನ ಸೀಮೆಯು ಜೈನ ಪರಂಪರೆಯ ಹಲವು ಪ್ರಾಚೀನ ನೆಲೆಗಳ ನಡುವೆ ಇದೆ. ಈ ನೆಲೆಗಳ ಬಸದಿಗಳನ್ನೂ ಮಾನಸ್ತಂಭಗಳನ್ನೂ ನಿಷಿಧಿಗಲ್ಲುಗಳನ್ನೂ ವಿದ್ವಾಂಸರು ನೂರು ವರ್ಷಗಳಿಗೂ ಮಿಗಿಲಾಗಿ ಅಧ್ಯಯನ ಮಾಡಿದ್ದಾರೆ. ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವು ತುಮಕೂರು ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ.

ಆದರೆ ಬಸದಿಗೆ ಬಂದು ಹೋಗುತ್ತಿದ್ದ ಶ್ರಾವಕ ಶ್ರಾವಕಿಯರು ಬಾಳಿದ ಮನೆಗಳು ಉಳಿದಿಲ್ಲ. ಮಣ್ಣಿನ ಗೋಡೆ, ಮರದ ಕಂಬ, ಹುಲ್ಲು ಅಥವಾ ಹೆಂಚಿನ ಮಾಡು ಇವುಗಳಿಗೆ ಕಲ್ಲಿನ ಆಯುಷ್ಯವಿಲ್ಲ. ಶಾಸನಗಳು ಬಸದಿಯ ಜೀರ್ಣೋದ್ಧಾರಕ್ಕೆ ಭೂಮಿಯನ್ನು ಬಿಟ್ಟ ಸಂಗತಿಯನ್ನು ಹೇಳುತ್ತವೆ. ಒಡೆದದ್ದನ್ನೂ ಬಿರಿದದ್ದನ್ನೂ ಸರಿಪಡಿಸಲು 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಪದಪುಂಜವನ್ನು ಮತ್ತೆ ಮತ್ತೆ ಬಳಸುತ್ತವೆ. ದೇವರ ಮನೆಯನ್ನು ಹೇಗೆ ಕಾಪಾಡಬೇಕೆಂಬುದಕ್ಕೆ ಶಾಸನಪ್ರಮಾಣ ದೊರೆಯುತ್ತದೆ. ಜನರ ಮನೆಯನ್ನು ಹೇಗೆ ಕಾಪಾಡುತ್ತಿದ್ದರೆಂಬುದಕ್ಕೆ ಶಾಸನ ದೊರೆಯುವುದಿಲ್ಲ. ಅದಕ್ಕಾಗಿ ಶ್ರಾವಕಾಚಾರ ಗ್ರಂಥಗಳತ್ತ, ಅವುಗಳ ಹಿನ್ನೆಲೆಯಲ್ಲಿ ರೂಪುಗೊಂಡ ಕಾವ್ಯಗಳತ್ತ ತಿರುಗಬೇಕಾಗುತ್ತದೆ. ಹಾಗೆ ತಿರುಗಿದಾಗ ಎದುರಾಗುವ ಮೊದಲ ಮಾತೇ ಬೆರಗು ಹುಟ್ಟಿಸುವಂಥದು. ಮನೆಯನ್ನು ಶುಚಿಯಾಗಿಡುವ ಪೊರಕೆಯನ್ನು ಆ ಗ್ರಂಥಪರಂಪರೆಯು ಕೊಲೆಯ ಸಾಧನಗಳ ಸಾಲಿನಲ್ಲಿ ನಿಲ್ಲಿಸಿದೆ.

'ಸೂನಾ' ಎಂದರೆ ವಧಾಸ್ಥಾನ. ಗೃಹಸ್ಥನ ಮನೆಯಲ್ಲಿ ಇಂಥ ಐದು ಸ್ಥಾನಗಳಿವೆ ಎಂಬುದು ಭಾರತೀಯ ಧರ್ಮಶಾಸ್ತ್ರಗಳಲ್ಲಿ ಹರಡಿಕೊಂಡಿರುವ ಹಳೆಯ ಕಲ್ಪನೆ. ಕುಟ್ಟುವ ಒರಳು, ಬೀಸುವ ಕಲ್ಲು, ಉರಿಯುವ ಒಲೆ, ನೀರಿನ ಗಡಿಗೆ, ಗುಡಿಸುವ ಪೊರಕೆ ಇವೇ ಆ ಐದು. ಇವುಗಳ ಬಳಕೆಯಲ್ಲಿ ಕಣ್ಣಿಗೆ ಬಿದ್ದ, ಬೀಳದ ಅನೇಕ ಜೀವಿಗಳು ಸಾಯುತ್ತವೆ. ಮನುಸ್ಮೃತಿಯ 3ನೆಯ ಅಧ್ಯಾಯವೂ ಇವನ್ನು ಎಣಿಸುತ್ತದೆ. ಇವುಗಳಿಂದ ಬಂದ ದೋಷದ ಪರಿಹಾರಕ್ಕೆ ನಿತ್ಯವೂ ಪಂಚಮಹಾಯಜ್ಞಗಳನ್ನು ಮಾಡಬೇಕೆಂದು ವಿಧಿಸುತ್ತದೆ. ಜೈನ ಆಚಾರ್ಯರು ದೋಷವನ್ನು ಒಪ್ಪಿದರು, ಯಜ್ಞವೆಂಬ ಪರಿಹಾರವನ್ನು ಒಪ್ಪಲಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ದಾನಕ್ಕೆ ಪಾತ್ರರಾದವರು ಯಾರೆಂದು ಹೇಳುವಾಗ 'ಸೂನೆಗಳಿಲ್ಲದವರು' ಎಂಬ ಲಕ್ಷಣವನ್ನು ಕೊಡುತ್ತದೆ. ಮನೆಯಿಲ್ಲದ ಮುನಿಗೆ ಸೂನೆಗಳಿಲ್ಲ. ಮನೆಯುಳ್ಳವನಿಗೆ ಅವು ತಪ್ಪಿದ್ದಲ್ಲ. ಆ ಗ್ರಂಥದ ವ್ಯಾಖ್ಯಾನಕಾರನಾದ ಪ್ರಭಾಚಂದ್ರನು ಐದನ್ನೂ ಹೆಸರಿಸುವ ಶ್ಲೋಕವನ್ನು ಎತ್ತಿಕೊಂಡು, ಇವುಗಳಿಂದಾಗಿಯೇ ಗೃಹಸ್ಥನಿಗೆ ಮೋಕ್ಷವು ದೊರಕದೆಂಬ ಅರ್ಥವನ್ನು ಮುಂದಿಡುತ್ತಾನೆ.

ಇದರ ಮರುಶ್ಲೋಕದಲ್ಲಿ ಸಮಂತಭದ್ರರು ಪರಿಹಾರವನ್ನೂ ಸೂಚಿಸುತ್ತಾರೆ. ಮನೆಯನ್ನು ತೊರೆದು ಬಂದ ಅತಿಥಿಗಳನ್ನು ಸತ್ಕರಿಸುವುದರಿಂದ ಗೃಹಕೃತ್ಯಗಳಲ್ಲಿ ಕೂಡಿಬಿದ್ದ ಕರ್ಮವು ಅಳಿಯುತ್ತದೆ. ನೆತ್ತರಿನ ಕಲೆಯನ್ನು ನೀರು ತೊಳೆಯುವ ಹಾಗೆ. ಇಲ್ಲಿ 'ಅಳಿಯುತ್ತದೆ' ಎಂಬ ಅರ್ಥಕ್ಕೆ ಅವರು ಬಳಸಿದ ಸಂಸ್ಕೃತ ಕ್ರಿಯಾಪದ 'ವಿಮಾರ್ಷ್ಟಿ'. ಇದರ ಧಾತು 'ಮೃಜ್', ಅಂದರೆ ಒರೆಸು, ಗುಡಿಸು, ಶುದ್ಧಿ ಮಾಡು. ಸೂನೆಗಳ ಪಟ್ಟಿಯಲ್ಲಿ ಪೊರಕೆಗೆ ಇರುವ ಹೆಸರು 'ಪ್ರಮಾರ್ಜನೀ'. ಅದೂ ಅದೇ ಧಾತುವಿನಿಂದ ಬಂದದ್ದು. ಪಾಪವನ್ನು ಕೂಡಿಸುವ ಸಾಧನ, ಪಾಪವನ್ನು ಅಳಿಸುವ ಕ್ರಿಯೆ ಎರಡಕ್ಕೂ ಒಂದೇ ಧಾತು. ಗುಡಿಸುವ ಕೆಲಸವನ್ನು ಬಿಟ್ಟರೆ ಮನೆ ಉಳಿಯದು, ಮಾಡಿದರೆ ಜೀವಗಳು ಉಳಿಯವು ಎಂಬ ಇಕ್ಕಟ್ಟು ಈ ಶಬ್ದಸಾಮ್ಯದಲ್ಲಿಯೇ ಅಡಗಿದೆ. ಜೈನ ಗೃಹಸ್ಥಾಚಾರದ ಶುಚಿತ್ವ ವಿಚಾರವೆಲ್ಲವೂ ಈ ಇಕ್ಕಟ್ಟಿನಿಂದ ಹೊರಬರುವ ಪ್ರಯತ್ನವೇ ಆಗಿದೆ.

ಈ ಇಕ್ಕಟ್ಟನ್ನು ಅರಿಯಲು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹತ್ತಿರದ ದಾರಿ ಯಶೋಧರನ ಕಥೆ. ಜನ್ನನ ಯಶೋಧರ ಚರಿತೆ 1209ರಲ್ಲಿ ರಚಿತವಾಯಿತು. ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟು, ಆ ಸಂಕಲ್ಪಮಾತ್ರದಿಂದಲೇ ಜನ್ಮಜನ್ಮಾಂತರದ ಸಂಕಟಕ್ಕೆ ಒಳಗಾಗುತ್ತಾನೆ. ಜೈನ ನೀತಿಯು ಹಿಂಸೆಯಲ್ಲಿ ಭೇದಗಳನ್ನು ಮಾಡುತ್ತದೆ. ಕೊಲ್ಲಬೇಕೆಂಬ ಎಣಿಕೆಯಿಂದ ನಡೆಯುವುದು ಸಂಕಲ್ಪೀ ಹಿಂಸೆ. ಅಡುಗೆ, ಗುಡಿಸುವಿಕೆ, ಕೃಷಿ ಮುಂತಾದ ಬಾಳುವೆಯ ಕೆಲಸಗಳಲ್ಲಿ ಎಣಿಸದೆಯೇ ಆಗಿಹೋಗುವುದು ಆರಂಭೀ ಹಿಂಸೆ. ಗೃಹಸ್ಥನು ಮೊದಲನೆಯದನ್ನು ಪೂರ್ತಿಯಾಗಿ ಬಿಡಬೇಕು. ಎರಡನೆಯದನ್ನು ಪೂರ್ತಿಯಾಗಿ ಬಿಡಲಾರನಾದ್ದರಿಂದ ಎಚ್ಚರದಿಂದ ಕಡಿಮೆ ಮಾಡಬೇಕು. ಈ ಎಚ್ಚರಕ್ಕೆ 'ಯತ್ನಾಚಾರ' ಎಂಬ ಹೆಸರಿದೆ. ಜೀವವಿಲ್ಲದ ಕೋಳಿಯನ್ನು ಕೊಯ್ದ ಕೈ ಪಾಪಕ್ಕೆ ಸಿಕ್ಕಿತು. ಒಲೆಯನ್ನು ನೋಡಿ, ಒರೆಸಿ ಉರಿ ಹಚ್ಚಿದ ಕೈ ದೋಷದ ನಡುವೆಯೂ ತನ್ನ ವ್ರತವನ್ನು ಉಳಿಸಿಕೊಂಡಿತು. ಎರಡನ್ನೂ ಅಳೆಯುವ ಅಳತೆಗೋಲು ಮನಸ್ಸಿನ ಎಚ್ಚರವೇ.

ಇದೇ ಯಶೋಧರನ ಕಥೆಯನ್ನು ಜನ್ನನಿಗಿಂತ ಎರಡೂವರೆ ಶತಮಾನ ಮೊದಲು ಸೋಮದೇವಸೂರಿಯು ಯಶಸ್ತಿಲಕ ಚಂಪುವಿನಲ್ಲಿ ಹೇಳಿದ್ದನು. ಆ ಗ್ರಂಥವು 959ರಲ್ಲಿ ಗಂಗಧಾರಾ ಎಂಬಲ್ಲಿ ಮುಗಿಯಿತು. ವೇಮುಲವಾಡದ ಚಾಲುಕ್ಯರ ಆಳ್ವಿಕೆಗೆ ಸೇರಿದ್ದ ಆ ನಾಡು ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ನಾಡು. ಯಶಸ್ತಿಲಕದ ಎಂಟು ಆಶ್ವಾಸಗಳಲ್ಲಿ ಕೊನೆಯ ಮೂರು 'ಉಪಾಸಕಾಧ್ಯಯನ'ವೆಂದು ಪ್ರಸಿದ್ಧವಾಗಿವೆ. ಹಿಟ್ಟಿನ ಕೋಳಿಯ ಕಥೆಯು ಅಲ್ಲಿ ಕೊನೆಗೆ ಮನೆವಾರ್ತೆಯ ನಿಯಮಗಳಿಗೆ ಬಂದು ನಿಲ್ಲುತ್ತದೆ. ಮನೆಗೆಲಸಗಳೆಲ್ಲವೂ ದೃಷ್ಟಿಯಿಂದ ಪವಿತ್ರವಾಗಿರಬೇಕು, ಅಂದರೆ ಕಣ್ಣಿಟ್ಟು ನೋಡಿ ನಡೆಸಿದವಾಗಿರಬೇಕು. ದ್ರವಪದಾರ್ಥಗಳೆಲ್ಲವೂ ಬಟ್ಟೆಯಿಂದ ಪವಿತ್ರವಾಗಿರಬೇಕು, ಅಂದರೆ ಸೋಸಿದವಾಗಿರಬೇಕು ಎಂದು ಸೋಮದೇವನು ವಿಧಿಸುತ್ತಾನೆ. ಕೂರುವ ಆಸನ, ಮಲಗುವ ಹಾಸಿಗೆ, ನಡೆಯುವ ದಾರಿ, ಉಣ್ಣುವ ಅನ್ನ ಯಾವುದನ್ನೇ ಆಗಲಿ ನೋಡದೆ ಬಳಸಬಾರದೆಂದೂ ಹೇಳುತ್ತಾನೆ. ಶುದ್ಧಿಯನ್ನು ಮಂತ್ರಕ್ಕಾಗಲಿ ಜನ್ಮಕ್ಕಾಗಲಿ ಒಪ್ಪಿಸದೆ ಕಣ್ಣಿಗೂ ಬಟ್ಟೆಗೂ ಒಪ್ಪಿಸಿದ ಈ ಎರಡು ನಿಯಮಗಳು ಜೈನ ಮನೆಯ ಶುಚಿತ್ವದ ಮೂಲಸೂತ್ರಗಳೆನ್ನಬಹುದು.

ಬಟ್ಟೆಯ ನಿಯಮವನ್ನು ಮೊದಲು ನೋಡಬಹುದು. ನೀರನ್ನು ಸೋಸಿಯೇ ಬಳಸಬೇಕೆಂಬುದು ಶ್ರಾವಕಾಚಾರದ ಪ್ರಾಥಮಿಕ ಪಾಠ. 13ನೆಯ ಶತಮಾನದ ಪಂಡಿತ ಆಶಾಧರನು ತನ್ನ ಸಾಗಾರಧರ್ಮಾಮೃತದಲ್ಲಿ ಅಷ್ಟಮೂಲಗುಣಗಳ ಬೇರೆ ಬೇರೆ ಪಟ್ಟಿಗಳನ್ನು ಕೊಡುವಾಗ, ಒಂದು ಪಟ್ಟಿಯಲ್ಲಿ 'ಜಲಗಾಲನ'ವನ್ನು ಜೀವದಯೆಯ ಪಕ್ಕದಲ್ಲಿಯೇ ಎಣಿಸಿದ್ದಾನೆ. ಸೋಸುವ ಬಟ್ಟೆಯ ಅಳತೆಯೂ ಸಂಪ್ರದಾಯದಲ್ಲಿ ಗೊತ್ತಾಗಿದೆ: 36 ಅಂಗುಲ ಉದ್ದ, 24 ಅಂಗುಲ ಅಗಲ, ಅದನ್ನು ಎರಡು ಮಡಿಕೆ ಮಾಡಿ ಸೋಸಬೇಕು. ಸೋಸಿದ ನೀರಿಗೂ ಕಾಲದ ಮಿತಿಯಿದೆ. ಬರಿದೇ ಸೋಸಿದ ನೀರು ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಕಾಲ ಮಾತ್ರ ಬಳಕೆಗೆ ಯೋಗ್ಯ. ಲವಂಗ ಮುಂತಾದವನ್ನು ಬೆರೆಸಿ ಪ್ರಾಸುಕ ಮಾಡಿದ ನೀರು ಎರಡು ಪ್ರಹರ, ಅಂದರೆ 6 ಗಂಟೆ. ಚೆನ್ನಾಗಿ ಕಾಯಿಸಿದ ನೀರು ಒಂದು ಹಗಲು ಮತ್ತು ಒಂದು ರಾತ್ರಿ. ಆಮೇಲೆ ಅದರಲ್ಲಿ ಮತ್ತೆ ಜೀವಗಳು ಹುಟ್ಟುತ್ತವೆಂಬುದು ಶಾಸ್ತ್ರದ ತಿಳಿವಳಿಕೆ.

ಈ ವಿಧಿಯ ಕೊನೆಯ ಹಂತವೇ ಅದರ ಉದ್ದೇಶವನ್ನು ಸ್ಪಷ್ಟಪಡಿಸುತ್ತದೆ. ಬಟ್ಟೆಯ ಮೇಲೆ ಉಳಿದ ಸೂಕ್ಷ್ಮಜೀವಿಗಳನ್ನು ನೆಲಕ್ಕೆ ಕೊಡಹುವಂತಿಲ್ಲ. ಸೋಸಿದ ನೀರಿನಿಂದಲೇ ಬಟ್ಟೆಯನ್ನು ತೊಳೆದು, ಆ ತೊಳೆದ ನೀರನ್ನು ತಂದ ಬಾವಿಗೋ ಕೆರೆಗೋ ಮರಳಿ ಸೇರಿಸಬೇಕು. ಒಂದು ಬಾವಿಯ ಜೀವಿಯನ್ನು ಮತ್ತೊಂದು ಬಾವಿಗೆ ಬಿಡಬಾರದು. ಮೇಲಿನಿಂದ ಸುರಿದರೆ ನೀರಿನ ಬಡಿತಕ್ಕೆ ಅವು ಸಾಯುತ್ತವೆಯಾದ್ದರಿಂದ ಪಾತ್ರೆಯನ್ನು ನೀರಿನ ಮಟ್ಟದವರೆಗೆ ಇಳಿಸಿ ಮೆಲ್ಲನೆ ಬಿಡಬೇಕು. ಕುಡಿಯುವವನ ಆರೋಗ್ಯವಷ್ಟೇ ಗುರಿಯಾಗಿದ್ದರೆ ಈ ಹಂತವು ಅನಾವಶ್ಯಕ. ಬಟ್ಟೆಯನ್ನು ಹಿಡಿದದ್ದು ನೀರಿನಲ್ಲಿರುವ ಜೀವಕ್ಕಾಗಿ.

ಕಣ್ಣಿನ ನಿಯಮವು ಮನೆಯ ವ್ಯವಸ್ಥೆಗೆ ಸಂಬಂಧಿಸಿದ್ದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಅಹಿಂಸಾವ್ರತವನ್ನು ಗಟ್ಟಿಗೊಳಿಸುವ ಭಾವನೆಗಳಲ್ಲಿ ಎರಡನ್ನು ವಸ್ತುಗಳಿಗೂ ಊಟಕ್ಕೂ ಅನ್ವಯಿಸುತ್ತದೆ. ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಎಚ್ಚರವಿರುವುದು 'ಆದಾನನಿಕ್ಷೇಪಣ ಸಮಿತಿ'. ಬೆಳಕಿನಲ್ಲಿ ನೋಡಿ ಉಣ್ಣುವುದು, ಕುಡಿಯುವುದು 'ಆಲೋಕಿತ ಪಾನಭೋಜನ'. ಅದೇ ಅಧ್ಯಾಯವು ಪ್ರೋಷಧೋಪವಾಸದ ಅತಿಚಾರಗಳನ್ನು ಹೇಳುತ್ತ, ನೋಡದೆ ಮತ್ತು ಒರೆಸದೆ ಮಲಮೂತ್ರಾದಿಗಳನ್ನು ಬಿಡುವುದು, ವಸ್ತುಗಳನ್ನು ಎತ್ತುವುದು, ಹಾಸಿಗೆಯನ್ನು ಹಾಸುವುದು ಇವನ್ನು ವ್ರತದ ದೋಷಗಳೆಂದು ಗುರುತಿಸುತ್ತದೆ. ಅಲ್ಲಿ 'ಒರೆಸದ' ಎಂಬರ್ಥದ ಪದ 'ಅಪ್ರಮಾರ್ಜಿತ'. ಪೊರಕೆಯ ಧಾತುವೇ ಇಲ್ಲಿ ವ್ರತದ ಅಂಗವಾಗಿ ಮರಳಿ ಬಂದಿದೆ. ಮುನಿಯ ಕೈಯಲ್ಲಿ ಈ ಒರೆಸುವ ಕ್ರಿಯೆಗೆ ನವಿಲುಗರಿಯ ಪಿಂಛಿಯಿದೆ. ಮೃದುವಾದ ಅದು ಜೀವಿಯನ್ನು ಸರಿಸುತ್ತದೆ, ಅರೆಯುವುದಿಲ್ಲ. ಗೃಹಸ್ಥನ ಮನೆಯ ಪೊರಕೆಯು ಪಿಂಛಿಯ ಹಾಗೆ ನಡೆಯಬೇಕೆಂಬುದೇ ಆಚಾರದ ಆಶಯ.

ಹೀಗೆ ನೋಡಿದರೆ, ವಸ್ತುವನ್ನು ಅದರ ಜಾಗದಲ್ಲಿ ಇಡುವುದು ಕೇವಲ ಅಚ್ಚುಕಟ್ಟಿನ ಮಾತಲ್ಲ. ರಾಶಿ ಬಿದ್ದ ವಸ್ತುಗಳ ಅಡಿಯಲ್ಲಿ ಜಿರಲೆ, ಗೆದ್ದಲು, ಇಲಿಗಳು ನೆಲೆಯಾಗುತ್ತವೆ. ನೆಲೆಯಾದ ಮೇಲೆ ರಾಶಿಯನ್ನು ಕದಲಿಸಿದರೆ ಅವು ಸಾಯುತ್ತವೆ. ಆದ್ದರಿಂದ ರಾಶಿಯೇ ಆಗದಂತೆ ನೋಡಿಕೊಳ್ಳುವುದು ಅಹಿಂಸೆಯ ಮೊದಲ ಹೆಜ್ಜೆ. ಇಲ್ಲಿ ಅಪರಿಗ್ರಹವು ಬಂದು ಸೇರುತ್ತದೆ. ಹೊಲ, ಮನೆ, ಬೆಳ್ಳಿ ಬಂಗಾರ, ದನ, ಧಾನ್ಯ, ಬಟ್ಟೆ ಪಾತ್ರೆಗಳಿಗೆ ತಾನೇ ಒಂದು ಮಿತಿಯನ್ನು ಹಾಕಿಕೊಂಡು ಅದನ್ನು ಮೀರದಿರುವುದು ಗೃಹಸ್ಥನ ಅಣುವ್ರತ. ದಶಧರ್ಮಗಳಲ್ಲಿ ಒಂದಾದ 'ಉತ್ತಮ ಶೌಚ'ಕ್ಕೆ ಜೈನ ವ್ಯಾಖ್ಯಾನಕಾರರು ಕೊಡುವ ಅರ್ಥ ಮೈಯ ಶುದ್ಧಿಯಲ್ಲ, ಲೋಭದ ಅಭಾವ. ಮನೆಯ ಕೊಳೆಗೂ ಮನಸ್ಸಿನ ಲೋಭಕ್ಕೂ ಸಂಬಂಧವಿದೆಯೆಂಬ ಈ ತಿಳಿವಳಿಕೆಯು ಸಣ್ಣದೇನಲ್ಲ. ಬೇಕಾದುದಕ್ಕಿಂತ ಹೆಚ್ಚನ್ನು ತುಂಬಿಕೊಂಡ ಮನೆಯನ್ನು ಯಾವ ಪೊರಕೆಯೂ ಶುಚಿಗೊಳಿಸಲಾರದು.

ಅಡುಗೆಮನೆಯಲ್ಲಿ ಈ ನಿಯಮಗಳು ಕಾಲಪಟ್ಟಿಯ ರೂಪವನ್ನು ಪಡೆದಿವೆ. ಸೂರ್ಯಾಸ್ತದ ಮೊದಲೇ ಊಟ ಮುಗಿಯಬೇಕೆಂಬುದು ರಾತ್ರಿಭೋಜನ ತ್ಯಾಗದ ನಿಯಮ. ಎಣ್ಣೆಯ ದೀಪಕ್ಕೆ ಹುಳುಹುಪ್ಪಟೆಗಳು ಬಂದು ಬೀಳುವುದನ್ನೂ ಮಂದ ಬೆಳಕಿನಲ್ಲಿ ಅನ್ನದಲ್ಲಿರುವುದು ಕಾಣದಿರುವುದನ್ನೂ ಇದಕ್ಕೆ ಕಾರಣವಾಗಿ ಹೇಳುತ್ತಾರೆ. ಇದರ ಸಹಜ ಫಲವೆಂದರೆ ಪಾತ್ರೆಗಳು ಹಗಲಿನಲ್ಲಿಯೇ ತೊಳೆದಾಗುತ್ತವೆ; ಎಂಜಲು ರಾತ್ರಿಯಿಡೀ ಬಿದ್ದಿರುವುದಿಲ್ಲ; ಒಲೆಯನ್ನು ಆರಿಸಿ, ಬೂದಿ ತೆಗೆದು, ಅಡುಗೆಮನೆಯನ್ನು ಮುಚ್ಚುವ ಹೊತ್ತು ಗೊತ್ತಾಗಿರುತ್ತದೆ. ಬೀಸಿದ ಹಿಟ್ಟಿಗೂ ದಿಗಂಬರ ಸಂಪ್ರದಾಯದಲ್ಲಿ ಋತುವನ್ನು ಅನುಸರಿಸಿದ 'ಮರ್ಯಾದೆ'ಯಿದೆ: ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ತೇವ ಹೆಚ್ಚಿದಷ್ಟೂ ಅವಧಿ ಕಡಿಮೆ ಎಂಬ ಈ ಲೆಕ್ಕವು ಹಿಟ್ಟಿನಲ್ಲಿ ಹುಳು ಬೀಳುವ ವೇಗವನ್ನು ತಲೆಮಾರುಗಳು ಕಣ್ಣಾರೆ ಕಂಡು ಹಾಕಿದ್ದಾಗಿ ತೋರುತ್ತದೆ.

ಅಡುಗೆಮನೆಯನ್ನು ಜೈನ ಕವಿಗಳು ದೋಷಸ್ಥಾನವೆಂದು ಮಾತ್ರ ಕಂಡರೆಂದು ತಿಳಿಯಬಾರದು. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು ಜಯನೃಪಕಾವ್ಯ, ಸಮ್ಯಕ್ತ್ವಕೌಮುದಿಗಳನ್ನು ಬರೆದ ಕೈಯಿಂದಲೇ ಸೂಪಶಾಸ್ತ್ರವನ್ನೂ ಬರೆದನು. ಭಕ್ಷ್ಯ, ಪಾನಕ, ಅನ್ನ, ಶಾಕಗಳನ್ನು ಷಟ್ಪದಿಯಲ್ಲಿ ವಿವರಿಸುವ ಆ ಕೃತಿಯಲ್ಲಿ ಬದನೆಕಾಯಿಯ ಅಡುಗೆಗಳಿಗೇ ಒಂದು ಭಾಗ ಮೀಸಲಾಗಿದೆ. ಅವನಿಗೂ ಮೊದಲು, 12ನೆಯ ಶತಮಾನದಲ್ಲಿ, ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಆಧರಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿದನು. ಮದ್ಯ, ಮಾಂಸ, ಮಧುಗಳನ್ನು ಬಿಟ್ಟ ಚಿಕಿತ್ಸೆ ಅದರ ವೈಶಿಷ್ಟ್ಯ. ಒಬ್ಬನು ರುಚಿಯನ್ನೂ ಮತ್ತೊಬ್ಬನು ಔಷಧವನ್ನೂ ಒಂದೇ ಕಟ್ಟಳೆಯೊಳಗೆ ತಂದರು. ಮನೆಯ ಆರೋಗ್ಯವನ್ನು ಕುರಿತ ಕನ್ನಡದ ಬರವಣಿಗೆಯು ಹೀಗೆ ಅಡುಗೆಮನೆಗೂ ಔಷಧದ ಪೆಟ್ಟಿಗೆಗೂ ಸಮಾನವಾಗಿ ಹರಡಿಕೊಂಡಿದೆ.

ಗ್ರಂಥದ ನಿಯಮಗಳು ನೆಲಕ್ಕಿಳಿಯುವುದು ಊರಿನ ಮನೆಗಳಲ್ಲಿ. ಅಮೃತೂರು ಸೀಮೆಯ, ಒಟ್ಟಾರೆ ಹಳೆಯ ಮೈಸೂರಿನ, ಮನೆಯ ವಿನ್ಯಾಸದಲ್ಲಿ ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲು, ಕೊಟ್ಟಿಗೆ, ಹಿತ್ತಿಲು, ತಿಪ್ಪೆಗಳು ಒಂದರ ಹಿಂದೊಂದು ಬರುತ್ತವೆ. ಅಲ್ಲಿ ಒರಳೂ ಬೀಸುವ ಕಲ್ಲೂ ಒಲೆಯೂ ಗಡಿಗೆಯೂ ಪೊರಕೆಯೂ ಎಲ್ಲ ಮತದವರ ಮನೆಗಳಲ್ಲಿಯೂ ಇದ್ದವು. ಪಂಚಸೂನೆಯು ಜೈನರ ಸೊತ್ತಲ್ಲ. ತೆಂಗು ಬೆಳೆಯುವ ಈ ನಾಡಿನಲ್ಲಿ ಅಂಗಳಕ್ಕೆ ತೆಂಗಿನ ಕಡ್ಡಿಯ ಪೊರಕೆ, ಒಳಮನೆಗೆ ಮೆತ್ತನೆಯ ಹುಲ್ಲಿನ ಪೊರಕೆ ಎಂಬ ವಿಂಗಡಣೆಯುಂಟು. ತೊಗರಿ, ಅವರೆಗಳಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿಡುವುದು, ಕಾಳಿನ ನಡುವೆ ಬೇವಿನ ಸೊಪ್ಪನ್ನು ಹಾಕುವುದು, ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುವುದು, ನೆಲವನ್ನು ಸಗಣಿಯಿಂದ ಸಾರಿಸುವುದು, ಗೋಡೆಗೆ ಸುಣ್ಣ ಬಳಿಯುವುದು ಇವೆಲ್ಲ ಈ ಭಾಗದ ರೈತಮನೆಗಳ ರೂಢಿ. ಹುಳುವು ಬಿದ್ದ ಮೇಲೆ ಕೊಲ್ಲುವುದಕ್ಕಿಂತ ಬೀಳದಂತೆ ತಡೆಯುವುದೇ ಈ ರೂಢಿಗಳ ತಿರುಳು. ಶ್ರಾವಕಾಚಾರವು ಹೇಳುವುದೂ ಅದನ್ನೇ. ರೈತನಿಗೆ ಅದು ಕಾಳನ್ನು ಉಳಿಸುವ ಉಪಾಯ. ಶ್ರಾವಕನಿಗೆ ಕಾಳಿನ ಜೊತೆಗೆ ವ್ರತವನ್ನೂ ಉಳಿಸುವ ಉಪಾಯ.

ಇಲ್ಲಿ ಸಂಶೋಧಕರು ಒಂದು ಎಚ್ಚರವನ್ನು ಪಾಲಿಸಬೇಕಾಗುತ್ತದೆ. ಜೈನ ಆಚಾರ್ಯರು ರೋಗಾಣುಗಳನ್ನು ಮೊದಲೇ ಅರಿತಿದ್ದರೆಂದು ಹೇಳುವ ಹುರುಪು ಇಂದಿನ ಬರಹಗಳಲ್ಲಿ ಸಾಮಾನ್ಯವಾಗಿದೆ. ಗ್ರಂಥಗಳು ಹಾಗೆ ಹೇಳುವುದಿಲ್ಲ. ನಿಂತ ನೀರಿನಲ್ಲಿಯೂ ಹಳಸಿದ ಅನ್ನದಲ್ಲಿಯೂ ಜೀವಗಳು ತಂದೆತಾಯಿಗಳಿಲ್ಲದೆ 'ಸಮ್ಮೂರ್ಛನ'ದಿಂದ ಹುಟ್ಟುತ್ತವೆ ಎಂಬುದು ಅವುಗಳ ನಂಬಿಕೆ. ಅಂಥ ಸ್ವಯಂ ಉತ್ಪತ್ತಿಯ ವಾದವನ್ನು 19ನೆಯ ಶತಮಾನದಲ್ಲಿ ಲೂಯಿ ಪಾಶ್ಚರ್ ಪ್ರಯೋಗಗಳಿಂದ ನಿರಾಕರಿಸಿದನು. ಕಾರಣದ ವಿವರಣೆ ಬೇರೆ, ಆಚರಣೆಯ ಫಲ ಬೇರೆ. ಫಲವನ್ನು ಪ್ರತ್ಯೇಕವಾಗಿಯೇ ಪರಿಶೀಲಿಸಬೇಕು. ಹಾಗೆ ಪರಿಶೀಲಿಸಿದರೂ ಬಟ್ಟೆಯ ಗೌರವಕ್ಕೆ ಕುಂದಿಲ್ಲ.

ಬಾಂಗ್ಲಾದೇಶದ ಮಟ್ಲಾಬ್ ಪ್ರದೇಶದ 65 ಹಳ್ಳಿಗಳಲ್ಲಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವು 2003ರಲ್ಲಿ ಪ್ರಕಟವಾಯಿತು. ಹಳೆಯ ಸೀರೆಯ ಬಟ್ಟೆಯನ್ನು ಹಲವು ಮಡಿಕೆ ಮಾಡಿ ನೀರನ್ನು ಸೋಸಿದ ಮನೆಗಳಲ್ಲಿ ಕಾಲರಾ ಪ್ರಕರಣಗಳು ಶೇ. 48ರಷ್ಟು ಇಳಿದವು. ಕಾಲರಾದ ಬ್ಯಾಕ್ಟೀರಿಯಾವು ಬರಿಗಣ್ಣಿಗೆ ಕಾಣದಷ್ಟು ಸಣ್ಣದು, ಬಟ್ಟೆಯ ನೇಯ್ಗೆಯಲ್ಲಿ ಸುಲಭವಾಗಿ ನುಸುಳಬಲ್ಲದು. ಆದರೆ ಅದು ನೀರಿನ ಸಣ್ಣ ಪ್ಲವಕ ಜೀವಿಗಳಿಗೆ ಅಂಟಿಕೊಂಡಿರುತ್ತದೆ. ಆ ಜೀವಿಗಳನ್ನು ಬಟ್ಟೆ ತಡೆಯುತ್ತದೆ. ಶ್ರಾವಕನು ಯಾವ ಜೀವಿಯನ್ನು ಉಳಿಸಲು ಬಟ್ಟೆ ಹಿಡಿದನೋ ಅದೇ ಜೀವಿಯ ಮೈಮೇಲೆ ರೋಗವಿತ್ತು.

ಕರ್ನಾಟಕಕ್ಕೆ ಇನ್ನೂ ಹತ್ತಿರದ ಉದಾಹರಣೆ ನಾರುಹುಣ್ಣು. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿಯ ಹೊಟ್ಟೆಯಲ್ಲಿ ಈ ಹುಳುವಿನ ಮರಿ ಬೆಳೆಯುತ್ತದೆ. ಅಂಥ ನೀರನ್ನು ಸೋಸದೆ ಕುಡಿದವರ ಮೈಯಿಂದ ಸುಮಾರು ಒಂದು ವರ್ಷದ ಮೇಲೆ ದಾರದಂಥ ಉದ್ದನೆಯ ಹುಳು ಹೊರಬರುತ್ತದೆ. ಈ ರೋಗವಿದ್ದ ಭಾರತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಇದಕ್ಕೆ ಲಸಿಕೆಯೂ ಇರಲಿಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇರಲಿಲ್ಲ. ನೀರನ್ನು ಬಟ್ಟೆಯಿಂದ ಸೋಸಿ ಕುಡಿಯಿರೆಂದು ಮನೆಮನೆಗೆ ಹೇಳುವುದು, ಮೆಟ್ಟಿಲುಬಾವಿಗಳನ್ನು ಮಾರ್ಪಡಿಸುವುದು, ಕೊಳವೆಬಾವಿ ತೋಡುವುದು ಇವೇ ನಿರ್ಮೂಲನದ ದಾರಿಗಳಾದವು. ದೇಶದ ಕೊನೆಯ ಪ್ರಕರಣ 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ವರದಿಯಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣು ಮುಕ್ತವೆಂದು ಪ್ರಮಾಣೀಕರಿಸಿತು. ಆ ಕಾರ್ಯಕ್ರಮದಲ್ಲಿ ಬಾವಿಗಳಿಗೆ ಟೆಮಿಫಾಸ್ ಎಂಬ ರಾಸಾಯನಿಕವನ್ನು ಹಾಕಿ ಸೈಕ್ಲಾಪ್ಸ್ ಅನ್ನು ಕೊಲ್ಲುವ ಕ್ರಮವೂ ಇತ್ತು. ಸೋಸಿದ ಜೀವಿಯನ್ನು ಅದೇ ಬಾವಿಗೆ ಬಿಡುವ ಜೈನ ವಿಧಿಯು ಕುಡಿಯುವವನನ್ನು ಕಾಪಾಡುತ್ತದೆ, ಬಾವಿಯನ್ನು ರೋಗಮುಕ್ತ ಮಾಡುವುದಿಲ್ಲ. ಸೋಸದೆ ಕುಡಿಯುವ ನೆರೆಯವರ ಮಟ್ಟಿಗೆ ಅಪಾಯ ಹಾಗೆಯೇ ಉಳಿಯುತ್ತದೆ. ಗೃಹಸ್ಥನ ವ್ರತ ಮತ್ತು ಊರಿನ ಆರೋಗ್ಯ ಎರಡೂ ಒಂದೇ ಬಟ್ಟೆಯನ್ನು ಹಿಡಿದರೂ ಬಾವಿಯ ದಡದಲ್ಲಿ ಬೇರೆಯಾಗುತ್ತವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಇದಕ್ಕಿಂತಲೂ ಕಠಿಣವಾದ ಪ್ರಶ್ನೆಯೊಂದಿದೆ. ಮೇಲೆ ಹೇಳಿದ ನಿಯಮಗಳನ್ನು ನಡೆಸಿದವರು ಯಾರು? ಸೋಮದೇವನ ಶ್ಲೋಕದಲ್ಲಿ ಮನೆಗೆಲಸವನ್ನು ಕುರಿತ ಕ್ರಿಯಾಪದ 'ಕಾರಯೇತ್'. ಇದು ಪ್ರೇರಣಾರ್ಥಕ, 'ಮಾಡಬೇಕು' ಎಂದಲ್ಲ, 'ಮಾಡಿಸಬೇಕು' ಎಂದು ಅದರ ಅರ್ಥ. ಗೃಹಸ್ಥನು ಮಾಡಿಸುವವನು, ಮಾಡುವವರ ಹೆಸರು ಶ್ಲೋಕದಲ್ಲಿಲ್ಲ. ತತ್ತ್ವಾರ್ಥಸೂತ್ರದ ಪರಿಗ್ರಹದ ಪಟ್ಟಿಯಲ್ಲಿ ಹೊಲ, ಮನೆ, ಬಂಗಾರ, ಧಾನ್ಯಗಳ ಜೊತೆಗೆ 'ದಾಸೀ ದಾಸ'ರೂ ಎಣಿಕೆಯಾಗಿದ್ದಾರೆ. ಅವರ ಸಂಖ್ಯೆಯನ್ನು ಮಿತಿಗೊಳಿಸಬೇಕೆಂಬುದು ವ್ರತ. ಅವರ ಕೈಗಳಿಂದಲೇ ಪಂಚಸೂನೆಯ ಕೆಲಸ ನಡೆಯಿತೆಂಬುದು ಆ ಪಟ್ಟಿಯಿಂದಲೇ ಊಹಿಸಬಹುದಾದ ವಾಸ್ತವ. ದಾಸಿಯರಿಲ್ಲದ ಸಾಮಾನ್ಯ ಮನೆಗಳಲ್ಲಿ ಅದು ಮನೆಯ ಹೆಣ್ಣುಮಕ್ಕಳ ಪಾಲು. ಒರಳು, ಬೀಸುವ ಕಲ್ಲು, ಒಲೆ, ಗಡಿಗೆ, ಪೊರಕೆ ಐದೂ ಹೆಂಗಸರ ಕೈಗೆ ಕಟ್ಟಿದ ಸಾಧನಗಳು. 48 ನಿಮಿಷಕ್ಕೊಮ್ಮೆ ನೀರನ್ನು ಸೋಸಬೇಕಾದರೆ, ಮಳೆಗಾಲದಲ್ಲಿ 3 ದಿನಕ್ಕೊಮ್ಮೆ ಹಿಟ್ಟನ್ನು ಬೀಸಬೇಕಾದರೆ, ಸೂರ್ಯ ಮುಳುಗುವ ಮೊದಲು ಮನೆಮಂದಿಗೆಲ್ಲ ಉಣಬಡಿಸಬೇಕಾದರೆ, ಆ ಕಾಲಪಟ್ಟಿಯ ಭಾರವನ್ನು ಹೊತ್ತವರ ಬೆನ್ನು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಇತಿಹಾಸವು ಹೆಣ್ಣಿನ ದಾನವನ್ನು ದಾಖಲಿಸಿದೆ. 1007ರ ಲಕ್ಕುಂಡಿಯ ಶಾಸನವು ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಚಿರಸ್ಥಾಯಿಯಾಗಿಸಿತು. ದಾನದಿಂದ ಗೃಹಕರ್ಮದ ಕಲೆ ತೊಳೆದುಹೋಗುತ್ತದೆಂದು ಸಮಂತಭದ್ರರು ಹೇಳಿದ್ದನ್ನು ಇಲ್ಲಿ ನೆನೆಯಬಹುದು. ಆದರೆ ಆ ದಾನದ ಅನ್ನವನ್ನು ಕುಟ್ಟಿ, ಬೀಸಿ, ಸೋಸಿದ ನೀರಿನಲ್ಲಿ ಬೇಯಿಸಿ ಮುನಿಗಳ ಕೈಗೆ ನಿರ್ದೋಷವಾಗಿ ತಲುಪಿಸಿದ ಅಸಂಖ್ಯ ಶ್ರಾವಕಿಯರಿಗೆ ಶಿಲಾಶಾಸನಗಳಿಲ್ಲ. ದೋಷವನ್ನು ಗೃಹಸ್ಥನ ಲೆಕ್ಕಕ್ಕೆ ಬರೆದ ಗ್ರಂಥಗಳು ಶ್ರಮವನ್ನು ಯಾರ ಲೆಕ್ಕಕ್ಕೂ ಬರೆಯಲಿಲ್ಲ. ಜೈನ ಮನೆಯ ಶುಚಿತ್ವವನ್ನು ಹೊಗಳುವ ಬರಹವು ಈ ಮೌನವನ್ನು ಹೇಳದೆ ಹೋದರೆ ಅದು ಅರ್ಧ ಚರಿತ್ರೆಯಾಗುತ್ತದೆ. ಯತ್ನಾಚಾರವು ಶ್ರಾವಕ ಶ್ರಾವಕಿಯರಿಬ್ಬರಿಗೂ ವಿಧಿಸಿದ ಧರ್ಮ. ಅದನ್ನು 'ಮಾಡಿಸುವ' ಧರ್ಮವಾಗಿ ಬದಲಿಸಿಕೊಂಡದ್ದು ಸಮಾಜ.

ಇಂದಿನ ಸ್ಥಿತಿಯಲ್ಲಿ ಈ ಆಚಾರಗಳ ಕೆಲವು ಆಧಾರಗಳೇ ಕದಲಿವೆ. ತುಮಕೂರು ಜಿಲ್ಲೆಯ ಬಯಲಿನಲ್ಲಿ ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದಿವೆ. ನೂರಾರು ಅಡಿಗಳ ಆಳದಿಂದ ನಲ್ಲಿಗೆ ಬರುವ ನೀರಿನ ಜೀವಿಯನ್ನು ಮರಳಿ ಎಲ್ಲಿಗೆ ಬಿಡಬೇಕೆಂಬ ಪ್ರಶ್ನೆಗೆ ಹಳೆಯ ವಿಧಿಯಲ್ಲಿ ಉತ್ತರವಿಲ್ಲ. ಇದೇ ಜಿಲ್ಲೆಯ ಪಾವಗಡ ಮುಂತಾದ ಕಡೆಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಬೆರೆತಿದೆ. ನೀರಿನಲ್ಲಿ ಕರಗಿದ ಈ ದೋಷವನ್ನು ಎಷ್ಟು ಮಡಿಕೆಯ ಬಟ್ಟೆಯೂ ತಡೆಯಲಾರದು. ಮನೆಯ ನೆಲವನ್ನು ಈಗ ಸಾರಿಸುವುದು ಫಿನಾಯಿಲಿನಿಂದ. ಸೊಳ್ಳೆ, ಜಿರಲೆ, ಇಲಿಗಳಿಗೆ ಪ್ರತ್ಯೇಕ ವಿಷಗಳು ಅಂಗಡಿಯಲ್ಲಿ ಸಿಗುತ್ತವೆ. ಶುಚಿತ್ವವೆಂದರೆ ಕೊಲ್ಲುವುದು ಎಂಬ ಅರ್ಥವು ಜಾಹೀರಾತುಗಳ ಮೂಲಕ ನೆಲೆಯೂರಿದೆ.

ಶ್ರಾವಕಾಚಾರದ ಶುಚಿತ್ವ ಬೇರೆ ಬಗೆಯದು. ಅದು ಕೊಳೆಯಾಗುವ ಮೊದಲೇ ನೋಡುತ್ತದೆ, ರಾಶಿಯಾಗುವ ಮೊದಲೇ ಮಿತಿ ಹಾಕುತ್ತದೆ, ಕತ್ತಲಾಗುವ ಮೊದಲೇ ಪಾತ್ರೆ ತೊಳೆಯುತ್ತದೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಭರತ ಚಕ್ರವರ್ತಿಯು ವ್ರತಿಗಳನ್ನು ಗುರುತಿಸಲು ಅರಮನೆಯ ಅಂಗಳದಲ್ಲಿ ಹಸಿರು ಮೊಳಕೆಗಳನ್ನು ಹರಡಿಸಿದ ಪ್ರಸಂಗವಿದೆ. ಕೆಲವರು ಅವನ್ನು ತುಳಿದುಕೊಂಡೇ ಒಳಗೆ ಬಂದರು; ಕೆಲವರು ಅಂಗಳದ ಅಂಚಿನಲ್ಲಿಯೇ ನಿಂತರು. ನಿಂತವರನ್ನು ಭರತನು ಬೇರೊಂದು ದಾರಿಯಿಂದ ಕರೆಸಿಕೊಂಡು ಗೌರವಿಸಿದನು. ಅವರ ವ್ರತವನ್ನು ತಿಳಿಸಿದ್ದು ನೆಲದ ಮೇಲೆ ಅವರು ಇಟ್ಟ ಕಣ್ಣು. ಅಮೃತೂರಿನ ಮನೆಯಾಗಲಿ ಬೇರೆ ಊರಿನ ಮನೆಯಾಗಲಿ, ಒರಳಿನ ಜಾಗಕ್ಕೆ ಮಿಕ್ಸಿ, ಒಲೆಯ ಜಾಗಕ್ಕೆ ಗ್ಯಾಸ್, ಗಡಿಗೆಯ ಜಾಗಕ್ಕೆ ನೀರಿನ ಫಿಲ್ಟರ್ ಬಂದಮೇಲೂ ಪಂಚಸೂನೆಯಿಂದ ಮನೆಗೆ ಬಿಡುಗಡೆಯಿಲ್ಲ. ಆ ಎಚ್ಚರದ ಕಣ್ಣು ಉಳಿಯಬೇಕು. ಆದರೆ ಅದು ಮನೆಯ ಒಬ್ಬಳದೇ ಕಣ್ಣಾಗದೆ ಎಲ್ಲರ ಕಣ್ಣಾಗಬೇಕು. ಗ್ರಂಥದ 'ಮಾಡಿಸಬೇಕು' ಎಂಬ ಮಾತನ್ನು 'ಮಾಡಬೇಕು' ಎಂದು ತಿದ್ದಿ ಓದುವ ಹೊಣೆ ಈ ಕಾಲದ ಶ್ರಾವಕರ ಮೇಲಿದೆ.